ಅಜ್ಜಿ ಕಾಲದ ಸ್ವೆಟರ್ ಹೆಣೆಯಲು ಹೋಗಿ ಕಾಯಿಪಲ್ಲೆ ಚೀಲ ಆಯ್ತು, ಎಲ್ಲಿ ತಪ್ಪಿದೆ?

ಬಿಸಿಲೂರಹುಡುಗಿ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ದೀಪಾವಳಿಗೆ ಅಲಮಾರಿ ಸ್ವಚ್ಛ ಮಾಡುವಾಗ ನಮ್ಮ ಅಜ್ಜಿಯ ಒಂದು ಕಪ್ಪು-ಬಿಳುಪು ಫೋಟೋ ಸಿಕ್ಕಿತು. ಹಿಂದೆ ಪೆನ್ಸಿಲ್‌ನಲ್ಲಿ 1962 ಅಂತ ಬರೆದಿದೆ. ಇಳಕಲ್ ಸೀರೆ, ಸೆರಗಿನ ಮೇಲೆ ಮುಂದೆ ಗುಂಡಿ ಇರುವ ಗಿಡ್ಡ ಸ್ವೆಟರ್, ಸೊಂಟದ ಹತ್ತಿರ ನಾಲ್ಕು ಬೆರಳು ಅಗಲದ ಬಿಗಿ ಪಟ್ಟಿ, ಭುಜದಲ್ಲಿ ಸಣ್ಣ ಬುಗ್ಗೆ. ಎಷ್ಟು ಚಂದ ಕಾಣ್ತಾರೆ ಗೊತ್ತಾ. ಅವರೇ ಹೆಣೆದಿದ್ದು ಅಂತ ಅಮ್ಮ ಹೇಳುತ್ತಾಳೆ. ಸ್ವೆಟರ್ ಎಲ್ಲಿ ಹೋಯಿತು ಯಾರಿಗೂ ಗೊತ್ತಿಲ್ಲ, ಬಹುಶಃ ಬಿಚ್ಚಿ ಯಾವುದೋ ಮಗುವಿನ ಟೋಪಿ ಮಾಡಿರಬೇಕು.

ನನಗೆ ಹೆಣೆಯೋದು ಒಂದಿಷ್ಟು ಬರುತ್ತೆ, ಮಫ್ಲರ್, ಟೋಪಿ ಮಾಡಿದ್ದೇನೆ. ಹಾಗಾಗಿ ನೆಟ್‌ನಲ್ಲಿ ಹುಡುಕಿ 1940ರ ದಶಕದ ಒಂದು ಇಂಗ್ಲಿಷ್ ಪ್ಯಾಟರ್ನ್ ಇಳಿಸಿಕೊಂಡೆ, ಫೋಟೋದಲ್ಲಿರುವುದಕ್ಕೆ ತುಂಬಾ ಹತ್ತಿರ ಇದೆ. ಎದೆ ಅಳತೆ 34 ಇಂಚು, 10 ನಂಬರ್ ಕಡ್ಡಿ, 3 ಪ್ಲೈ ಉಲನ್ (ಪ್ಲೈ ಅಂದರೆ ದಾರದ ದಪ್ಪದ ಲೆಕ್ಕ). ನನ್ನ ಹತ್ತಿರ 10 ನಂಬರ್ ಬಿದಿರಿನ ಕಡ್ಡಿ ಇತ್ತು, ಆನ್‌ಲೈನ್‌ನಲ್ಲಿ ತರಿಸಿದ್ದು. ಉಲನ್ ಮಾತ್ರ 4 ಪ್ಲೈ ಸಿಕ್ಕಿತು. ಅಷ್ಟೇನೂ ವ್ಯತ್ಯಾಸ ಆಗಲ್ಲ ಅಂದುಕೊಂಡೆ.

ಹನ್ನೆರಡು ದಿನ ಕೂತು ಬೆನ್ನಿನ ಭಾಗ ಮುಗಿಸಿದೆ. ನೆಲದ ಮೇಲೆ ಹಾಸಿ ಅಳೆದರೆ 32 ಇಂಚು ಅಗಲ! ಬರೀ ಬೆನ್ನು! ಅದೂ ಬಲೆಯ ಹಾಗೆ, ಆ ಕಡೆಯಿಂದ ಈ ಕಡೆ ಎಲ್ಲ ಕಾಣುತ್ತೆ. ಅಪ್ಪ ಬಂದು "ಗಂಜ್ ಮಾರ್ಕೆಟಿಗೆ ಹೋಗುವಾಗ ಕೊಡು, ಕಾಯಿಪಲ್ಲೆ ತರ್ತೀನಿ" ಅಂದರು. ಉದ್ದ ನೋಡಿದರೆ ಮಾತ್ರ ಗಿಡ್ಡ, 19 ಇಂಚು ಅಷ್ಟೇ.

ಪ್ಯಾಟರ್ನ್‌ನಲ್ಲೇ ತಪ್ಪಿದೆಯಾ? ಕುಣಿಕೆ ಎಣಿಕೆ ಮೂರು ಸಲ ನೋಡಿದೆ, 128 ಸರಿಯಾಗೇ ಇದೆ. ಇನ್ನೊಂದು, ನನ್ನ ಎದೆ ಅಳತೆ 38. ದೊಡ್ಡ ಸೈಜಿನ ಪ್ಯಾಟರ್ನ್ ಎಲ್ಲೂ ಸಿಗುತ್ತಿಲ್ಲ, ಆ ಕಾಲದವರೆಲ್ಲ 34 ಏನಾ?


ತೊಗರಿಕಣಜ (ಕಲಬುರಗಿ):

ತಂಗೀ, ಮೇ ತಿಂಗಳಲ್ಲಿ 42 ಡಿಗ್ರಿ ಆಗುವ ಊರಲ್ಲಿ ಸ್ವೆಟರ್ ಹೆಣೆಯುವ ಧೈರ್ಯಕ್ಕೆ ಮೊದಲು ಒಂದು ಶರಣು. ಬಲೆ ಆಗಿದ್ದೇ ಒಳ್ಳೇದಾಯ್ತು, ಗಾಳಿ ಆಡುತ್ತೆ.


ಬೀದರ್‌ಚಳಿ (ಬೀದರ್):

ಮೇಲಿನ ಅಣ್ಣಾವ್ರು ಒಂದು ಸಲ ಡಿಸೆಂಬರ್‌ನಲ್ಲಿ ಬೀದರ್‌ಗೆ ಬಂದು ಬೆಳಗಿನ ಐದು ಗಂಟೆಗೆ ಬಸ್‌ಸ್ಟ್ಯಾಂಡ್‌ನಲ್ಲಿ ನಿಲ್ಲಲಿ, ಆಮೇಲೆ ಮಾತಾಡೋಣ. ನಮ್ಮೂರು ಎರಡು ಸಾವಿರ ಅಡಿಗಿಂತ ಎತ್ತರದಲ್ಲಿದೆ ಅನ್ನೋದು ಆಗ ಗೊತ್ತಾಗುತ್ತೆ.

ತಂಗೀ, ಒಂದೇ ಪ್ರಶ್ನೆ. ಆ ಬಿದಿರಿನ ಕಡ್ಡಿಯ ತುದಿಯಲ್ಲಿ 10ರ ಜೊತೆ ಎಂಎಂ ಲೆಕ್ಕ ಏನಾದರೂ ಬರೆದಿದೆಯಾ ನೋಡಿ ಹೇಳಿ.


ಬಿಸಿಲೂರಹುಡುಗಿ:

ಇದೆ ಅಕ್ಕಾ. 6.0 ಅಂತ ಇದೆ.


ಬೀದರ್‌ಚಳಿ:

ಅಲ್ಲೇ ಇದೆ ನೋಡಿ ಕಥೆ. ಪ್ಯಾಟರ್ನ್ ಪಾಪ ಏನೂ ತಪ್ಪು ಮಾಡಿಲ್ಲ.

ಕಡ್ಡಿ ನಂಬರ್ ಎರಡು ಥರ ಇದೆ. ಹಳೆ ಇಂಗ್ಲೆಂಡ್ ಪದ್ಧತಿಯಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. 8 ನಂಬರ್ 4 ಎಂಎಂ, 10 ನಂಬರ್ 3.25, 12 ನಂಬರ್ 2.75. ಅಮೆರಿಕದ್ದು ಪೂರ್ತಿ ಉಲ್ಟಾ, ನಂಬರ್ ಏರಿದಂತೆ ದಪ್ಪ. ಅಲ್ಲಿಯ 10 ಅಂದರೆ 6 ಎಂಎಂ. ನಿಮ್ಮದು ಅಮೆರಿಕ ನಂಬರಿನ ಸೆಟ್. ಪ್ಯಾಟರ್ನ್ ಕೇಳಿದ್ದಕ್ಕಿಂತ ಹೆಚ್ಚೂ ಕಡಿಮೆ ಎರಡು ಪಟ್ಟು ದಪ್ಪದ ಕಡ್ಡಿಯಲ್ಲಿ ಹೆಣೆದಿದ್ದೀರಿ. ನಮ್ಮ ಕಡೆ ಅಂಗಡಿಗೆ ಹೋಗಿ ಹತ್ತು ನಂಬರ್ ಸಲಾಯಿ ಕೊಡಿ ಅಂದರೆ ಇವತ್ತಿಗೂ ಹಳೆ ಇಂಗ್ಲಿಷ್ ನಂಬರಿನದ್ದೇ ಕೊಡುತ್ತಾರೆ, ಅದಕ್ಕೇ ನಮ್ಮ ಪೀಳಿಗೆಯವರಿಗೆ ಈ ತೊಂದರೆ ಬಂದಿರಲಿಲ್ಲ. ನಂಬರ್ ಮರೆತುಬಿಡಿ. ಎಂಎಂ ಮಾತ್ರ ನೋಡಿ.

ಲೆಕ್ಕವೂ ಕೂಡುತ್ತೆ ನೋಡಿ. ಆ ಪ್ಯಾಟರ್ನ್‌ನಲ್ಲಿ ಇಂಚಿಗೆ ಏಳೂವರೆ ಫಂದಾ ಅಂತ ಎಲ್ಲೋ ಸಣ್ಣ ಅಕ್ಷರದಲ್ಲಿ ಇರಲೇಬೇಕು. 128ನ್ನು ಏಳೂವರೆಯಿಂದ ಭಾಗಿಸಿದರೆ 17 ಇಂಚು, ಬೆನ್ನು-ಮುಂಭಾಗ ಸೇರಿ 34. ನಿಮ್ಮದು ಇಂಚಿಗೆ 4 ಬಂದಿದೆ, ಆದ್ದರಿಂದ 32. ಕಾಯಿಪಲ್ಲೆ ಚೀಲದ ಗುಟ್ಟು ಇಷ್ಟೇ.

ನಾನು ಫಂದಾ ಅಂದಿದ್ದಕ್ಕೆ ನಗಬೇಡಿ, ನೀವು ಕುಣಿಕೆ ಅನ್ನೋದನ್ನೇ ನಾವು ಹಾಗೆ ಅಂತೀವಿ. ಬೀದರ್‌ನಲ್ಲಿ ಏರ್‌ಫೋರ್ಸ್ ಸ್ಟೇಷನ್ ಇದೆಯಲ್ಲ, 80ರ ದಶಕದಲ್ಲಿ ನಮ್ಮ ಪಕ್ಕದ ಮನೆಗೆ ಪಂಜಾಬ್ ಕಡೆಯ ಒಂದು ಕುಟುಂಬ ಬಾಡಿಗೆಗೆ ಬಂದಿತ್ತು. ಆ ಆಂಟಿ ಬಿಸಿಲು ಕಾಯಿಸುತ್ತಾ ಕಟ್ಟೆ ಮೇಲೆ ಕೂತು, ನೋಡದೇನೇ ಹೆಣೆಯುತ್ತಿದ್ದರು. ಮಾತು ನಮ್ಮ ಜೊತೆ, ಕಣ್ಣು ಒಲೆ ಮೇಲಿನ ಹಾಲಿನ ಕಡೆ, ಕೈ ತನ್ನ ಪಾಡಿಗೆ. ಸೀದಾ (ಇಂಗ್ಲಿಷ್‌ನ ನಿಟ್, ನೇರ ಕುಣಿಕೆ), ಉಲ್ಟಾ (ಪರ್ಲ್, ತಿರುವಿದ ಕುಣಿಕೆ), ಫಂದಾ, ಬಾರ್ಡರ್ ಎಲ್ಲ ಅವರಿಂದ ಬಂದ ಮಾತು. ಪ್ರತಿ ಚಳಿಗಾಲ ಹಿಂದಿ ಪತ್ರಿಕೆಗಳ ಬುನಾಯಿ (ಹೆಣಿಗೆ) ವಿಶೇಷಾಂಕ ಬರುತ್ತಿತ್ತು, ಅದನ್ನು ಓಣಿಯ ಎಂಟು ಮನೆಯವರು ಸುತ್ತಿಸಿ ಓದುತ್ತಿದ್ದೆವು, ಕೊನೆಗೆ ನನ್ನ ಕೈಗೆ ಬರುವಾಗ ನಡುವಿನ ಹಾಳೆ ಇರುತ್ತಿರಲಿಲ್ಲ.

ಈಗ ಕೆಲಸದ ಮಾತು. ಆ ಬೆನ್ನನ್ನು ಬಿಚ್ಚಿ. ಬೇಜಾರಾಗುತ್ತೆ, ಆದರೂ ಬಿಚ್ಚಿ. ಉಲನ್ ಸೊಟ್ಟ ಸೊಟ್ಟ ಆಗಿರುತ್ತೆ, ಹಾಗೇ ಹೆಣೆಯಬೇಡಿ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ದಾರ ಕಟ್ಟಿ, ತಣ್ಣೀರಲ್ಲಿ ಅದ್ದಿ ನೆರಳಲ್ಲಿ ನೇತು ಹಾಕಿ. ಒಣಗಿದ ಮೇಲೆ ಉಂಡೆ ಸುತ್ತಿ. ಆಮೇಲೆ 3.25 ಕಡ್ಡಿಯಲ್ಲಿ 40 ಫಂದಾ ಹಾಕಿ ಆರು ಇಂಚು ಚೌಕ ಹೆಣೆಯಿರಿ. ಅದನ್ನು ತೊಳೆದು, ಒಣಗಿಸಿ, ನಡುವಿನ 4 ಇಂಚಿನಲ್ಲಿ ಎಷ್ಟು ಫಂದಾ ಇದೆ ಅಂತ ಎಣಿಸಿ ಇಲ್ಲಿ ಬರೆಯಿರಿ. ಅಂಚಿನಲ್ಲಿ ಅಳೆಯಬೇಡಿ, ಅಂಚು ಯಾವಾಗಲೂ ಸುಳ್ಳು ಹೇಳುತ್ತೆ.

ಉಲನ್ ಅಕ್ರಿಲಿಕ್ ಆಗಿದ್ದರೆ ಇಸ್ತ್ರಿ ಮುಟ್ಟಿಸಲೇಬೇಡಿ, ಹಬೆಯೂ ಬೇಡ. ಒಮ್ಮೆ ಬಿಸಿ ತಾಗಿದರೆ ಜೀವ ಹೋದ ಹಾಗೆ ಜೋತು ಬೀಳುತ್ತೆ, ಮತ್ತೆ ಸರಿ ಮಾಡಕ್ಕಾಗಲ್ಲ. ನಾನು ಮಗನ ಸ್ವೆಟರ್ ಒಂದನ್ನು ಹಾಗೇ ಹಾಳು ಮಾಡಿದ್ದೇನೆ.


ಯಾದಗಿರಿಟೇಲರ್ (ಯಾದಗಿರಿ):

ನನಗೆ ಹೆಣೆಯಲು ಬರಲ್ಲ, ಹೊಲಿಯುವವನು. ಆದರೆ ಹಳೆ ಸ್ವೆಟರ್‌ಗಳನ್ನು ರಿಪೇರಿಗೆ ತರುತ್ತಾರೆ, ಅದರಿಂದ ಕಲಿತದ್ದು ಎರಡು ಮಾತು ಹೇಳುತ್ತೇನೆ.

19 ಇಂಚು ಗಿಡ್ಡ ಅಂತ ಬದಲಾಯಿಸಲು ಹೋಗಬೇಡಿ. ಆ ಸ್ವೆಟರ್ ಸೊಂಟಕ್ಕೆ ನಿಲ್ಲಬೇಕು. ಆಗ ಇಂಗ್ಲಿಷರ ಸ್ಕರ್ಟು, ಪ್ಯಾಂಟು ಎಲ್ಲ ಹೊಕ್ಕಳ ಮೇಲೆ ಕೂರುತ್ತಿತ್ತು. ನಮ್ಮ ಸೀರೆಯೂ ಅಲ್ಲೇ ತಾನೇ ಸಿಕ್ಕಿಸೋದು? ಅದಕ್ಕೇ ನಿಮ್ಮ ಅಜ್ಜಿಗೆ ಅಷ್ಟು ಚೆನ್ನಾಗಿ ಒಪ್ಪಿದೆ, ನೆರಿಗೆ ಎಲ್ಲ ಕಾಣುತ್ತೆ. ಈಗಿನ ಉದ್ದ ಸ್ವೆಟರ್ ಸೀರೆ ಮೇಲೆ ಹಾಕಿದರೆ ಗೋಣಿಚೀಲ ಕಟ್ಟಿದ ಹಾಗೆ. ಕುರ್ತಾ ಮೇಲೆ ಹಾಕೋದಾದರೆ ಮಾತ್ರ 3-4 ಇಂಚು ಉದ್ದ ಮಾಡಿ.

ಬುಗ್ಗೆ ತೋಳಿನ ವಿಚಾರ. ಬುಗ್ಗೆ ನಿಲ್ಲಬೇಕಾದರೆ ಭುಜ ಚಿಕ್ಕದಿರಬೇಕು. ಭುಜದ ಹೊಲಿಗೆ ತೋಳಿನ ಮೇಲೆ ಇಳಿದರೆ ಬುಗ್ಗೆಯೂ ಇಳಿದುಬಿಡುತ್ತೆ. ನಿಮಗೆ ಸರಿ ಕೂರುವ ಒಂದು ಬ್ಲೌಸ್ ತಗೊಂಡು ಭುಜ ಅಳೆದುಕೊಳ್ಳಿ, ಅದಕ್ಕಿಂತ ಅರ್ಧ ಇಂಚು ಕಡಿಮೆ ಇಡಿ. ತೋಳಿನ ಮೇಲ್ಭಾಗವನ್ನು ಎದುರು ಬದುರು ನೆರಿಗೆ ಹಾಕಿ ಕೈಯಲ್ಲೇ ಕೂರಿಸಿ, ಮಷಿನ್ ಬೇಡ, ಮಷಿನ್‌ನ ಪಾದ ಹೆಣಿಗೆಯನ್ನು ಎಳೆದು ಅಲೆ ಅಲೆ ಮಾಡುತ್ತೆ. ಭುಜದ ಹೊಲಿಗೆಯ ಒಳಗೆ ಒಂದು ಹತ್ತಿ ಟೇಪ್ ಕೊಟ್ಟು ಹೊಲಿಯಿರಿ. ಇಲ್ಲದಿದ್ದರೆ ತೋಳಿನ ಭಾರಕ್ಕೆ ಆರು ತಿಂಗಳಲ್ಲಿ ಭುಜ ಜೋತು ಬೀಳುತ್ತೆ. ಗುಂಡಿ ಪಟ್ಟಿಯ ಹಿಂದೆಯೂ ಅದೇ ಟೇಪ್.


ಕ್ರೋಶಾಕಲ್ಯಾಣ (ಬಸವಕಲ್ಯಾಣ):

ಹೆಣಿಗೆಯಲ್ಲಿ ಹೀಗಾದರೆ ಕ್ರೋಶಾದಲ್ಲಿ ಇನ್ನೂ ಮೋಸ. ಅಲ್ಲಿ ನಂಬರಲ್ಲ, ಹೆಸರೇ ಬೇರೆ. ಇಂಗ್ಲೆಂಡಿನವರು ಡಬಲ್ ಕ್ರೋಶಾ ಅನ್ನೋದನ್ನು ಅಮೆರಿಕದವರು ಸಿಂಗಲ್ ಅಂತಾರೆ, ಇವರ ಟ್ರೆಬಲ್ ಅವರಿಗೆ ಡಬಲ್. ನಾನು ಗೊತ್ತಿಲ್ಲದೆ ಒಂದು ಕಾಲರ್ ಮಾಡಿದೆ, ಎರಡಿಂಚು ಇರಬೇಕಾದ್ದು ನಾಲ್ಕಿಂಚಾಗಿ ಸರ್ಕಸ್ ಜೋಕರ್ ಥರ ಆಯ್ತು. ಪ್ಯಾಟರ್ನ್‌ನಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶಾ ಅನ್ನುವ ಮಾತು ಕಂಡರೆ ಅದು ಅಮೆರಿಕದ್ದು ಅಂತ ತಿಳ್ಕೊಳ್ಳಿ. ಅಷ್ಟು ಸಾಕು.

ಕಲಬುರಗಿಯ ಸೆಖೆಗೆ ನನ್ನ ಸಲಹೆ ಬೇರೆ. 70ರ ದಶಕದ ಚೌಕ ಚೌಕದ ತೋಳಿಲ್ಲದ ಜಾಕೆಟ್ ಇದೆಯಲ್ಲ, ಅದನ್ನು ಹತ್ತಿ ದಾರದಲ್ಲಿ ಮಾಡಿ. ಲೆಕ್ಕ ಭಾರಿ ಸುಲಭ. 5 ಇಂಚಿನ ಚೌಕ ಎಂಟು ಜೋಡಿಸಿದರೆ ಸುತ್ತಳತೆ 40 ಇಂಚು, ನಿಮಗೆ ಸರಿ. ಮೂರು ಸಾಲು ಎತ್ತರ, ಮುಂದೆ ತೆರೆದಿರಲಿ. ಬಸ್ಸಲ್ಲಿ ಕೂತು ಒಂದೊಂದೇ ಚೌಕ ಮಾಡಬಹುದು. ಆದರೆ ಕ್ರೋಶಾ ಹೆಣಿಗೆಗಿಂತ ಜಾಸ್ತಿ ದಾರ ತಿನ್ನುತ್ತೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.


ಬಿಸಿಲೂರಹುಡುಗಿ:

ಅಯ್ಯೋ ಎಷ್ಟು ವಿಷಯ! ಬಿಚ್ಚಿಬಿಟ್ಟೆ. ಅಮ್ಮ ಲಡಿ ಹಿಡಿದು ಕೂತಳು, ನಾನು ಸುತ್ತಿದೆ. ಸೂಪರ್ ಮಾರ್ಕೆಟ್ ಹತ್ತಿರದ ಒಂದು ಅಂಗಡಿಯಲ್ಲಿ ಕೇಳಿದೆ, ಅವರು ಏನೂ ಕೇಳದೆ 3.25 ಕಡ್ಡಿ ಕೊಟ್ಟರು, ಸಣ್ಣದು ಬಾರ್ಡರ್‌ಗೆ ಅಂತ 2.75 ಕೂಡ ಅವರೇ ತೆಗೆದಿಟ್ಟರು.

ಚೌಕ ಹೆಣೆದು ತೊಳೆದು ಅಳೆದೆ. 4 ಇಂಚಿಗೆ 26 ಕುಣಿಕೆ. ಪ್ಯಾಟರ್ನ್‌ನಲ್ಲಿ 30 ಬರಬೇಕು. ಇನ್ನೂ ಸಣ್ಣ ಕಡ್ಡಿ ತಗೋಬೇಕಾ?

ಹತ್ತಿ ದಾರದಲ್ಲಿ ಈ ಸ್ವೆಟರನ್ನೇ ಮಾಡಿದರೆ ಹೇಗೆ ಅನ್ನೋದೂ ತಲೆಯಲ್ಲಿದೆ. ಇಲ್ಲಿ ಚಳಿ ಅನ್ನೋದು ಡಿಸೆಂಬರ್, ಜನವರಿ ಬೆಳಗ್ಗೆ ಮಾತ್ರ.


ಬೀದರ್‌ಚಳಿ:

ಬೇಡ, ಕಡ್ಡಿ ಇನ್ನೂ ಸಣ್ಣದಾದರೆ 4 ಪ್ಲೈ ಉಲನ್ ರಟ್ಟಿನ ಹಾಗೆ ಗಟ್ಟಿಯಾಗುತ್ತೆ. ನಿಮಗೆ ಹೇಗಿದ್ದರೂ ದೊಡ್ಡ ಸೈಜ್ ಬೇಕಲ್ಲ, ಇಂಚಿಗೆ ಆರೂವರೆ ಬಂದಿರೋದು ಅನುಕೂಲವೇ ಆಯ್ತು. ಪ್ಯಾಟರ್ನ್‌ನ ಎಣಿಕೆ ಬಿಡಿ, ಆಕಾರ ಮಾತ್ರ ತಗೊಳ್ಳಿ.

ಎದೆ 38, ಒಳಗೆ ಬ್ಲೌಸ್, ಸೆರಗು ಇರುತ್ತೆ, 2 ಇಂಚು ಸಡಿಲ ಕೊಡಿ, 40. ಬೆನ್ನು ಅರ್ಧ, 20 ಇಂಚು. ಇಪ್ಪತ್ತನ್ನು ಆರೂವರೆಯಿಂದ ಗುಣಿಸಿದರೆ 130 ಫಂದಾ. ಕೆಳಗಿನ ಬಾರ್ಡರ್ ಬಿಗಿ ಬೇಕು, ಅದಕ್ಕೆ 2.75 ಕಡ್ಡಿಯಲ್ಲಿ 118 ಹಾಕಿ ಎರಡು ಸೀದಾ ಎರಡು ಉಲ್ಟಾ ಮಾಡಿ, ಎರಡು ಸೀದಾದಿಂದ ಶುರು ಎರಡು ಸೀದಾದಿಂದ ಮುಕ್ತಾಯ, ಸರಿ ಕೂಡುತ್ತೆ. ಮೂರೂವರೆ ಇಂಚು ಆದ ಮೇಲೆ ದೊಡ್ಡ ಕಡ್ಡಿಗೆ ಬಂದು ಮೊದಲ ಸಾಲಲ್ಲೇ 12 ಹೆಚ್ಚಿಸಿ, ಸಮನಾಗಿ ಹಂಚಿ.

ಮುಂಭಾಗ ಎರಡು, ತಲಾ 69. ಅದರಲ್ಲಿ ಅಂಚಿನ 8 ಫಂದಾ ಗುಂಡಿ ಪಟ್ಟಿ. ಒಂದರ ಮೇಲೊಂದು ಪಟ್ಟಿ ಕೂತಾಗ 8 ಕಳೆಯುತ್ತೆ, ಮತ್ತೆ 130 ಉಳಿಯುತ್ತೆ. ಮೊದಲು ಗುಂಡಿ ಕೂರುವ ಎಡಭಾಗ ಮುಗಿಸಿ, ಗುಂಡಿ ಎಲ್ಲೆಲ್ಲಿ ಅಂತ ಪಿನ್ ಚುಚ್ಚಿ, ಆಮೇಲೆ ಬಲಭಾಗ ಹೆಣೆಯುವಾಗ ಆ ಪಿನ್ ನೋಡಿಕೊಂಡು ಕಾಜಾ ಬಿಡಿ. ಉಲ್ಟಾ ಮಾಡಿದರೆ ಲೆಕ್ಕ ತಪ್ಪುತ್ತೆ, ನನಗೆ ಗೊತ್ತು.

ಕಂಕುಳ ಎತ್ತರ ಹಳೆ ಪ್ಯಾಟರ್ನ್‌ನಲ್ಲಿ ಆರೂವರೆ ಏಳು ಇಂಚು ಇರುತ್ತೆ, ನೀವು 8 ಇಡಿ, ಬ್ಲೌಸಿನ ತೋಳು ಒಳಗೆ ಹೋಗಬೇಕಲ್ಲ. ಅದಕ್ಕಿಂತ ಜಾಸ್ತಿ ಬಿಟ್ಟರೆ ರೊಟ್ಟಿ ಬಡಿಯುವಾಗ ಕೈ ಎತ್ತಿದರೆ ಇಡೀ ಸ್ವೆಟರ್ ಮೇಲೆ ಬರುತ್ತೆ.

ಆ ಕಾಲದವರೆಲ್ಲ 34ಏ ಅಂತ ಕೇಳಿದ್ದಿರಿ. ಅಲ್ಲ. ಪತ್ರಿಕೆಯಲ್ಲಿ ಜಾಗ ಉಳಿಸಲು ಒಂದೇ ಸೈಜ್ ಕೊಡುತ್ತಿದ್ದರು, ಉಳಿದವರು ಹೀಗೇ ಲೆಕ್ಕ ಹಾಕಿಕೊಳ್ಳುತ್ತಿದ್ದರು. ಇಂಗ್ಲೆಂಡಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೆ ರೇಷನ್ ಇತ್ತು, ಉಲನ್‌ಗೂ ಕೂಪನ್. ಆ ಕಾಲದ ಪ್ಯಾಟರ್ನ್‌ಗಳಲ್ಲಿ ಗಿಡ್ಡ ತೋಳು, ಬಣ್ಣ ಬಣ್ಣದ ಪಟ್ಟೆ ಜಾಸ್ತಿ ಕಾಣೋದಕ್ಕೆ ಅದೂ ಒಂದು ಕಾರಣ, ಉಳಿದ ಚೂರು ಉಲನ್ ಎಲ್ಲ ಅಲ್ಲಿ ಹೋಗುತ್ತಿತ್ತು. ಯುದ್ಧ ಅಂದಾಗ ನೆನಪಾಯ್ತು, ಮುಂದೆ ಗುಂಡಿ ಇರೋ ಸ್ವೆಟರ್‌ಗೆ ಕಾರ್ಡಿಗನ್ ಅನ್ನುವ ಹೆಸರು ಬಂದದ್ದು ಕ್ರಿಮಿಯಾ ಯುದ್ಧದಲ್ಲಿದ್ದ ಲಾರ್ಡ್ ಕಾರ್ಡಿಗನ್ ಅನ್ನೋ ಇಂಗ್ಲಿಷ್ ಸೇನಾಧಿಕಾರಿಯಿಂದ. ಅದೇ ಯುದ್ಧದಲ್ಲಿ 1854ರಲ್ಲಿ ಬಾಲಾಕ್ಲಾವಾ ಅನ್ನೋ ಊರಲ್ಲಿ ಕಾಳಗ ನಡೆಯಿತು, ನಮ್ಮ ಅಪ್ಪಂದಿರ ಮಂಕಿ ಕ್ಯಾಪ್‌ಗೆ ಇಂಗ್ಲಿಷ್‌ನಲ್ಲಿ ಆ ಊರಿನದೇ ಹೆಸರು. ಮೂವತ್ತು ವರ್ಷ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿದವಳು, ಚಟ ಬಿಡಲ್ಲ.

ಹತ್ತಿ ದಾರ ಮೊದಲ ಸ್ವೆಟರ್‌ಗೆ ಬೇಡ. ಹತ್ತಿಗೆ ಹಿಂದಕ್ಕೆ ಎಳೆದುಕೊಳ್ಳುವ ಗುಣ ಇಲ್ಲ. ಬಾರ್ಡರ್ ಎರಡು ಸಲ ತೊಳೆಯುವಷ್ಟರಲ್ಲಿ ಬಾಯಿ ಬಿಡುತ್ತೆ, ಭಾರಕ್ಕೆ ಉದ್ದವೂ ಇಳಿಯುತ್ತೆ. ಮಾಡಲೇಬೇಕು ಅಂದರೆ ಬಾರ್ಡರ್‌ನ ಸೀದಾ ಫಂದಾಗಳನ್ನು ಹಿಂದಿನ ಎಳೆಯಿಂದ ತಿರುಚಿ ಹೆಣೆಯಿರಿ, ಒಳಗಡೆ ತೆಳು ಎಲಾಸ್ಟಿಕ್ ದಾರ ಎರಡು ಸಾಲು ಓಡಿಸಿ. ಹತ್ತಿ-ಅಕ್ರಿಲಿಕ್ ಬೆರಕೆ ಸಿಕ್ಕರೆ ಅದು ಕಲಬುರಗಿಗೆ ಒಳ್ಳೇದು.

ಉಲನ್ ಎಷ್ಟು ಬೇಕು ಅಂತ ಮುಂದೆ ಕೇಳುತ್ತೀರಿ. ಹಳೆ ಪ್ಯಾಟರ್ನ್‌ನ 8 ಔನ್ಸ್ ಅಂದರೆ ಸುಮಾರು 227 ಗ್ರಾಂ. ನೀವು 350 ಗ್ರಾಂ ಒಟ್ಟಿಗೇ ತಂದಿಡಿ, ಲೇಬಲ್ ಮೇಲಿನ ಲಾಟ್ ನಂಬರ್ ಎಲ್ಲದರಲ್ಲೂ ಒಂದೇ ಇರಲಿ. ಆಮೇಲೆ ಒಂದು ಉಂಡೆ ಸಾಲದೆ ಹೋಗಿ ತಂದರೆ ಒಂದು ತೋಳು ಬೇರೆ ಬಣ್ಣ.


ಕುರಿಹಟ್ಟಿ (ಸುರಪುರ):

ಇಷ್ಟೆಲ್ಲ ಅಕ್ರಿಲಿಕ್ ಮಾತಾಡ್ತೀರಿ, ನಮ್ಮ ಡೆಕ್ಕನಿ ಕುರಿ ಉಣ್ಣೆ ಯಾಕೆ ಬೇಡ ಅಂತ ಕೇಳಲು ಬಂದೆ. ಅಸಲಿ ಉಣ್ಣೆ, ಮನೆ ಬಾಗಿಲಲ್ಲೇ ಸಿಗುತ್ತೆ.


ತೊಗರಿಕಣಜ:

ಈಗ ಬಂತು ನೋಡಿ ಸರಿಯಾದ ಮಾತು. ಸ್ವೆಟರ್ ಬಿಡಿ, ಕಂಬಳಿ ಹೊದ್ದುಕೊಳ್ಳಿ.


ಕ್ರೋಶಾಕಲ್ಯಾಣ:

ಅಣ್ಣಾ, ನಾನು ಮಾಡಿ ನೋಡಿದ್ದೇನೆ. ಕಂಬಳಿ ನೂಲು ತಂದು ಕೊರಳಿಗೆ ಮಫ್ಲರ್ ಹೆಣೆದೆ. ಅರ್ಧ ಗಂಟೆಯಲ್ಲಿ ಕೊರಳೆಲ್ಲ ಕೆಂಪು, ಡಾಕ್ಟರ್ ಹತ್ತಿರ ಹೋಗಬೇಕಾಯ್ತು. ಆ ಉಣ್ಣೆ ಒರಟು, ಅದು ಕಂಬಳಿಗೇ ಹೇಳಿ ಮಾಡಿಸಿದ್ದು. ಚರ್ಮಕ್ಕೆ ತಾಗುವ ಬಟ್ಟೆಗೆ ಅಲ್ಲ.


ಕುರಿಹಟ್ಟಿ:

ಅದು ನಿಜ, ಒಪ್ಪಿದೆ. ಕಂಬಳಿಗೆ ಹುಣಸೆ ಬೀಜದ ಗಂಜಿ ಬೇರೆ ಹಾಕುತ್ತಾರೆ, ಅದಕ್ಕೇ ಹೊಸ ಕಂಬಳಿ ಹಲಗೆ ಹಾಗೆ ಇರೋದು. ಗಂಜಿ ಹಾಕದ ನೂಲು ಕೇಳಿ ತಗೋಬೇಕು. ನಮ್ಮ ಅಪ್ಪ ಅಂಗಿ ಮೇಲೆ ಹಾಕುವ ತೋಳಿಲ್ಲದ ಜಾಕೆಟ್ ಒಂದು ಹೊಲಿಸಿದ್ದರು, ಒಳಗೆ ಹತ್ತಿ ಅಸ್ತರ್ ಕೊಟ್ಟು. ಇಪ್ಪತ್ತು ವರ್ಷ ಬಾಳಿತು. ಮಳೆ ಬಂದರೂ ಬೇಗ ಒಳಗೆ ಇಳಿಯುತ್ತಿರಲಿಲ್ಲ. ಬುಗ್ಗೆ ತೋಳಿಗೆ ಅದು ಆಗಲ್ಲ ಅನ್ನೋದು ಸರಿ.

ಕುರಿ ಉಣ್ಣೆಯ ಮೆದು ದಾರವೇ ಬೇಕು ಅಂದರೆ ಹಳೆ ಸ್ವೆಟರ್ ಬಿಚ್ಚಿ ತೆಗೆಯಬಹುದಲ್ಲ? ಚಳಿಗಾಲದಲ್ಲಿ ಟಿಬೆಟ್‌ನವರ ಅಂಗಡಿಯಲ್ಲಿ ತಗೊಂಡದ್ದು ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತೆ.


ಯಾದಗಿರಿಟೇಲರ್:

ಬಿಚ್ಚುವ ಮೊದಲು ಸ್ವೆಟರ್ ತಿರುವಿ ಪಕ್ಕದ ಹೊಲಿಗೆ ನೋಡಿ. ಸರಪಣಿ ಥರ ಒಂದೇ ದಾರದಲ್ಲಿ ಜೋಡಿಸಿದ್ದರೆ ಒಳ್ಳೆ ದಾರ ಸಿಗುತ್ತೆ, ಉದ್ದಕ್ಕೆ ಬರುತ್ತೆ. ಓವರ್‌ಲಾಕ್ ಹೊಡೆದಿದ್ದರೆ ಬಿಡಿ. ಅದನ್ನು ಬಟ್ಟೆಯ ಥಾನಿನ ಹಾಗೇ ಕತ್ತರಿಸಿ ಹೊಲಿದಿರುತ್ತಾರೆ, ಪ್ರತಿ ಸಾಲಿಗೂ ದಾರ ತುಂಡು ತುಂಡಾಗಿ ಬರುತ್ತೆ, ದಿಂಬಿಗೆ ತುಂಬಲು ಆದೀತು ಅಷ್ಟೇ.


ಬಿಸಿಲೂರಹುಡುಗಿ:

ಮೂರು ವಾರ ಆಯ್ತು, ಅಪ್‌ಡೇಟ್ ಕೊಡದೆ ಇದ್ದದ್ದಕ್ಕೆ ಕ್ಷಮಿಸಿ. ಬೆನ್ನು ಮುಗಿಯಿತು. ಅಳತೆ 20 ಇಂಚು ಸರಿಯಾಗಿ!! ಬೀದರ್ ಅಕ್ಕಾ, ನಿಮ್ಮ ಲೆಕ್ಕ ಒಂದು ಕುಣಿಕೆಯೂ ಆಚೆ ಈಚೆ ಆಗಲಿಲ್ಲ. ಎಡಭಾಗವೂ ಮುಗಿದಿದೆ, ಬಲಭಾಗ ಕಂಕುಳವರೆಗೆ ಬಂದಿದೆ. ಕರೆಂಟ್ ಹೋದಾಗ ಕತ್ತಲಲ್ಲಿ ಒಂದು ಕುಣಿಕೆ ಜಾರಿ ಎಂಟು ಸಾಲು ಕೆಳಗೆ ಹೋಗಿತ್ತು, ಅಮ್ಮ ಕ್ರೋಶಾ ಕಡ್ಡಿಯಿಂದ ಏಣಿ ಹತ್ತಿಸಿದ ಹಾಗೆ ಒಂದೊಂದೇ ಮೇಲೆ ತಂದುಕೊಟ್ಟಳು. ಅವಳಿಗೆ ಇದು ಬರುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

ಇನ್ನೊಂದು ವಿಷಯ. ಅಮ್ಮ ಹಳೆ ಬಿಸ್ಕೀಟ್ ಡಬ್ಬಿ ತೆರೆದು ಗುಂಡಿ ಹುಡುಕಿದಳು, ಫೋಟೋದಲ್ಲಿ ಇರೋ ಥರದ್ದೇ, ಕಂದು ಬಣ್ಣದ ನಾಲ್ಕು ತೂತಿನವು. ಅಜ್ಜಿಯದೇ ಅಂತ ಅವಳ ಹಠ, ನನಗೆ ಅಷ್ಟು ಖಾತ್ರಿ ಇಲ್ಲ. ಆದರೆ ಐದೇ ಇವೆ. ನಾನು ಆರಕ್ಕೆ ಪಿನ್ ಚುಚ್ಚಿ, ಕೆಳಗಿನ ಕಾಜಾ ಎರಡು ಆಗಲೇ ಹೆಣೆದಾಗಿದೆ. ಬಿಚ್ಚಬೇಕಾ?


ಯಾದಗಿರಿಟೇಲರ್:

ಬಿಚ್ಚಬೇಡಿ ತಂಗೀ. ಎಲ್ಲಕ್ಕಿಂತ ಕೆಳಗಿನ ಕಾಜಾ ಬಾರ್ಡರ್‌ನಲ್ಲೇ ತಾನೇ ಬರೋದು, ಎಳೆತ ಜಾಸ್ತಿ ಬೀಳೋದೂ ಅಲ್ಲೇ, ಗುಂಡಿ ಮೊದಲು ಕಿತ್ತು ಬರೋದೂ ಅಲ್ಲಿಂದಲೇ. ಆ ಕಾಜಾವನ್ನು ಅದೇ ಉಲನ್‌ನಿಂದ ಹೊಲಿದು ಮುಚ್ಚಿ, ಒಳಗಡೆ ಬ್ಲೌಸ್‌ನ ಹುಕ್ಕು ಎರಡು ಹಾಕಿ, ಟೇಪ್‌ಗೆ ಸೇರಿಸಿ ಹೊಲಿಯಿರಿ. ಹೊರಗೆ ಐದು ಗುಂಡಿ ಕಾಣುತ್ತವೆ. ಫೋಟೋ ಇನ್ನೊಮ್ಮೆ ನೋಡಿ, ಅಲ್ಲಿ ಎಷ್ಟಿವೆ?


ಬಿಸಿಲೂರಹುಡುಗಿ:

ಸೆರಗಿನ ತುದಿ ಅಡ್ಡ ಬಂದಿದೆ ಅಣ್ಣಾ. ಐದು ಎಣಿಸಿದೆ, ಕೆಳಗಿನದು ಕಾಣಲ್ಲ.